ಆಕಾಶದ ಕೀಮಿಯಾ

ಕೈರೋ ನಗರದಲ್ಲಿ 1050ರ ಸುಮಾರಿಗೆ ಇಬ್ಬರು ಹಕೀಮರ ನಡುವೆ ದೊಡ್ಡ ಜಗಳ ನಡೆಯಿತು. ಒಬ್ಬರು ಅಲಿ ಇಬ್ನ್ ರಿಜ್ವಾನ್. ಗೀಜಾದಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದ ಬಡವನ ಮಗ. ಉಸ್ತಾದರಿಗೆ ಕೊಡಲು ಕಾಸಿಲ್ಲದೆ ಪುಸ್ತಕಗಳನ್ನೇ ಉಸ್ತಾದರನ್ನಾಗಿ ಮಾಡಿಕೊಂಡು, ಜ್ಯೋತಿಷ್ಯ ಹೇಳಿ ಹೊಟ್ಟೆ ಹೊರೆದು, ಕೊನೆಗೆ ಫಾತಿಮಿ ಖಲೀಫರ ಆಸ್ಥಾನದ ಮುಖ್ಯ ವೈದ್ಯರ ಸ್ಥಾನಕ್ಕೇರಿದವರು. ಇನ್ನೊಬ್ಬರು ಬಗ್ದಾದಿನಿಂದ ಬಂದ ಇಬ್ನ್ ಬುತ್ಲಾನ್. ನೆಸ್ಟೋರಿಯನ್ ಕ್ರೈಸ್ತರು, ಹೆಸರಾಂತ ಗುರುಗಳ ಬಳಿ ಕಲಿತವರು, ನಾಲಗೆ ಚೂಪು. ಹಕ್ಕಿಮರಿ ಮತ್ತು ಕೋಳಿಮರಿ, ಇವೆರಡರಲ್ಲಿ ಯಾವುದರ ಪ್ರಕೃತಿ ಹೆಚ್ಚು ಉಷ್ಣ ಎಂಬಲ್ಲಿಂದ ಶುರುವಾದ ಮಾತು, ಪುಸ್ತಕದಿಂದ ಕಲಿತವನು ದೊಡ್ಡವನೋ ಗುರುವಿನಿಂದ ಕಲಿತವನು ದೊಡ್ಡವನೋ ಎಂಬಲ್ಲಿಗೆ ಬಂದು, ಅಲ್ಲಿಂದ ಇಬ್ನ್ ರಿಜ್ವಾನರ ಕಪ್ಪು ಮೋರೆಯನ್ನು ಲೇವಡಿ ಮಾಡುವ ಮಟ್ಟಕ್ಕೆ ಇಳಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಪುಸ್ತಿಕೆಗಳನ್ನು ಬರೆದರು. ಕಡೆಗೆ ಬೇಸತ್ತ ಇಬ್ನ್ ಬುತ್ಲಾನ್ ಕೈರೋ ಬಿಟ್ಟು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟು ಹೋದರು.

ಈ ಜಗಳ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಅಡಿಟಿಪ್ಪಣಿಯಾಗಿ ಉಳಿದುಕೊಂಡಿದೆ. ಆದರೆ ಯಾವುದರಲ್ಲೂ ಒಂದಾಗದ ಈ ಇಬ್ಬರನ್ನು ಆಕಾಶ ಒಂದು ವಿಷಯದಲ್ಲಿ ಜೊತೆಗೆ ಕೂರಿಸಿದೆ. ಇಬ್ಬರೂ ತಮ್ಮ ಜೀವಮಾನದಲ್ಲಿ ಒಂದೊಂದು ನಕ್ಷತ್ರ ಸಿಡಿದದ್ದನ್ನು ದಾಖಲಿಸಿದರು. ಒಬ್ಬರದು 1006ರ ನಕ್ಷತ್ರ, ಇನ್ನೊಬ್ಬರದು 1054ರದು. ಇನ್ನೂ ಸೋಜಿಗವೆಂದರೆ, ಅವರು ಬರೆದಿಟ್ಟದ್ದು ಒಂದೇ ಬಗೆಯ ಸ್ಫೋಟವಲ್ಲ. ಸಿಡಿಯುವ ನಕ್ಷತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಇಬ್ನ್ ರಿಜ್ವಾನರ ಪಾಲಿಗೆ ಒಂದು ಜಾತಿ ಬಂತು, ಇಬ್ನ್ ಬುತ್ಲಾನರ ಪಾಲಿಗೆ ಇನ್ನೊಂದು. ಅಲ್ಲೂ ಅವರು ಒಂದಾಗಲಿಲ್ಲ!

ಇಬ್ನ್ ರಿಜ್ವಾನ್ ಆ ನಕ್ಷತ್ರವನ್ನು ನೋಡಿದಾಗ ಅವರಿಗೆ ಹದಿನೆಂಟರ ಆಸುಪಾಸು. ವ್ಯಾಸಂಗ ಈಗಷ್ಟೇ ಆರಂಭವಾಗಿತ್ತು. ಎಷ್ಟೋ ವರ್ಷಗಳ ನಂತರ ಟಾಲೆಮಿಯ ಜ್ಯೋತಿಷ್ಯ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವಾಗ ಆ ದೃಶ್ಯವನ್ನು ನೆನೆದು ದಾಖಲಿಸಿದರು. ವೃಶ್ಚಿಕ ರಾಶಿಯಲ್ಲಿ, ಸೂರ್ಯನಿಗೆ ನೇರ ಎದುರಿನಲ್ಲಿ ಅದು ಕಾಣಿಸಿಕೊಂಡಿತು. ಗುಂಡಗೆ, ಶುಕ್ರಗ್ರಹದ ಎರಡೂವರೆ ಮೂರು ಪಟ್ಟು ದೊಡ್ಡದಾಗಿತ್ತು. ದಿಗಂತವೆಲ್ಲ ಅದರ ಬೆಳಕಿನಿಂದ ಹೊಳೆಯುತ್ತಿತ್ತು. ಚಂದ್ರನ ಬೆಳಕಿನ ಕಾಲು ಪಾಲಿಗಿಂತ ತುಸು ಹೆಚ್ಚೇ ಇತ್ತು. ಅದು ಅಲ್ಲಿಂದಿಲ್ಲಿಗೆ ಅಲೆಯಲಿಲ್ಲ, ಆಕಾಶದ ಜೊತೆಗೇ ತಿರುಗುತ್ತಿತ್ತು. ಇಷ್ಟು ಬರೆದು ಅವರು ಸುಮ್ಮನಾಗಲಿಲ್ಲ. ಆ ದಿನ ಸೂರ್ಯ, ಚಂದ್ರ, ಶನಿ, ಗುರು, ಮಂಗಳ, ಶುಕ್ರ, ಬುಧ ಯಾವ ರಾಶಿಯ ಎಷ್ಟನೇ ಅಂಶದಲ್ಲಿದ್ದವು ಎಂದೂ ಲೆಕ್ಕ ಕೊಟ್ಟರು. ಅವರ ಉದ್ದೇಶ ಜ್ಯೋತಿಷ್ಯವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಲೆಕ್ಕವೇ ನಮಗೆ ಉಪಕಾರವಾಯಿತು. ಗ್ರಹಗಳ ಆ ಜೋಡಣೆಯಿಂದ ತಾರೀಕನ್ನು ಹಿಂದಕ್ಕೆ ಎಣಿಸಿ ನೋಡಿದರೆ ಅದು 1006ರ ಏಪ್ರಿಲ್ 30. ಚೀನಾದ ಆಸ್ಥಾನ ಖಗೋಳಜ್ಞರೂ, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಸನ್ಯಾಸಿಗಳೂ ಅದೇ ನಕ್ಷತ್ರವನ್ನು ಬರೆದಿಟ್ಟಿದ್ದಾರೆ. ಮನುಷ್ಯ ದಾಖಲಿಸಿದ ಇತಿಹಾಸದಲ್ಲಿ ಅಷ್ಟು ಪ್ರಖರವಾದ ನಕ್ಷತ್ರ ಮತ್ತೊಂದಿಲ್ಲ.

ಇಬ್ನ್ ಬುತ್ಲಾನರ ವರದಿ ಚಿಕ್ಕದು. ಹಿಜರಿ 446ರಲ್ಲಿ, ಅಂದರೆ 1054ರಲ್ಲಿ, ಮಿಥುನದಲ್ಲಿ ಒಂದು ಹೊಸ ನಕ್ಷತ್ರ ಕಾಣಿಸಿತು, ಆಮೇಲೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಾಂಕ್ರಾಮಿಕ ರೋಗ ಬಂದು ಸಾವಿರಾರು ಜನ ಸತ್ತರು ಎಂದು ಅವರು ಬರೆದಿದ್ದರು. ಹದಿಮೂರನೆಯ ಶತಮಾನದ ಇಬ್ನ್ ಅಬಿ ಉಸೈಬಿಯಾ ಎಂಬ ವೈದ್ಯರು ಬರೆದ ಹಕೀಮರ ಚರಿತ್ರೆಯಲ್ಲಿ ಆ ಮಾತು ಉಳಿದುಕೊಂಡಿತು. ಚೀನೀಯರು 1054ರ ಜುಲೈ 4ರಂದು ಕಂಡು, 23 ದಿನ ಹಗಲಿನಲ್ಲೂ ಕಾಣುತ್ತಿತ್ತೆಂದು ಬರೆದ ನಕ್ಷತ್ರವೇ ಇದು. ಅದು ಸಿಡಿದ ಜಾಗದಲ್ಲಿ ಇಂದು ಏಡಿ ನೀಹಾರಿಕೆ ಇದೆ. ನಡುವೆ, ಸೆಕೆಂಡಿಗೆ ಸುಮಾರು 30 ಸಲ ತಿರುಗುವ ನ್ಯೂಟ್ರಾನ್ ನಕ್ಷತ್ರ.

ಮೂರನೆಯವರೊಬ್ಬರಿದ್ದಾರೆ. ಅವರು ಈ ಇಬ್ಬರಿಗಿಂತಲೂ ದೊಡ್ಡವರು. ಬೂ ಅಲಿ ಸೀನಾ. 1006ರಲ್ಲಿ ಅವರಿಗೆ 26ರ ಹರೆಯ, ಮಧ್ಯ ಏಷ್ಯಾದಲ್ಲಿದ್ದರು. ಅವರ 'ಕಿತಾಬುಶ್ಶಿಫಾ' ಹೆಸರಿಗೆ 'ಶಿಫಾ', ಆದರೆ ವೈದ್ಯ ಗ್ರಂಥವಲ್ಲ. ತರ್ಕ, ಗಣಿತ, ಪ್ರಕೃತಿ ವಿಜ್ಞಾನ, ತತ್ವಶಾಸ್ತ್ರ ಎಲ್ಲವನ್ನೂ ಒಳಗೊಂಡ ಬೃಹತ್ ಕೃತಿ. ಅದರಲ್ಲಿ ಧೂಮಕೇತುಗಳ ವಿಷಯ ಹೇಳುವಾಗ ಅವರು ಒಂದು ನಕ್ಷತ್ರವನ್ನು ಪ್ರಸ್ತಾಪಿಸುತ್ತಾರೆ. ಸುಮಾರು ಮೂರು ತಿಂಗಳು ಇತ್ತು, ಕದಲಲಿಲ್ಲ, ಬಾಲವಿರಲಿಲ್ಲ, ಮೊದಲು ಹಸಿರು ಛಾಯೆಯಿದ್ದು ಬರಬರುತ್ತಾ ಬೆಳ್ಳಗಾಗಿ, ಮಸುಕು ಮಸುಕಾಗಿ ಮಾಯವಾಯಿತು ಎಂದು ಅದರ ವರ್ಣನೆ. ಬಹಳ ಕಾಲ ಇದನ್ನು ಧೂಮಕೇತು ಎಂದೇ ತಿಳಿಯಲಾಗಿತ್ತು. ಕೆಲವೇ ವರ್ಷಗಳ ಹಿಂದೆ, 2016ರ ಹೊತ್ತಿಗೆ, ಜರ್ಮನಿಯ ಖಗೋಳ ವಿಜ್ಞಾನಿಗಳೂ ಅರಬಿ ವಿದ್ವಾಂಸರೂ ಸೇರಿ ಆ ಸಾಲುಗಳನ್ನು ಮತ್ತೆ ಓದಿ, ಅದು 1006ರ ನಕ್ಷತ್ರವೇ ಎಂಬ ವಾದ ಮಂಡಿಸಿದರು. ಬಾಲವಿಲ್ಲದ, ಕದಲದ, ಮೂರು ತಿಂಗಳ ಧೂಮಕೇತು ಇರುವುದುಂಟೆ? ನನಗೆ ಅವರ ವಾದ ಸರಿಯೆನಿಸುತ್ತದೆ.

ನಾನು ಇಷ್ಟು ದೂರ ಬಂದದ್ದು ಇಬ್ನ್ ಸೀನಾರ ಈ ಒಂದು ಟಿಪ್ಪಣಿಗಾಗಿ ಅಲ್ಲ. ಅದೇ ಗ್ರಂಥದಲ್ಲಿ, ಖನಿಜಗಳ ವಿಷಯ ಬಂದಾಗ ಅವರು ಬರೆದ ಇನ್ನೊಂದು ಮಾತಿಗಾಗಿ. ಅದು ಕೀಮಿಯಾಗರರ ಬಗ್ಗೆ.

ಕೀಮಿಯಾ ಎಂದರೆ ನಮ್ಮಲ್ಲಿ ರಸವಿದ್ಯೆ. ತಾಮ್ರವನ್ನೋ ಸೀಸವನ್ನೋ ಚಿನ್ನ ಮಾಡುವ ವಿದ್ಯೆ. ಕನ್ನಡದಲ್ಲಿ ಪರುಷಮಣಿ ಎನ್ನುವುದನ್ನು ಉರ್ದುವಿನಲ್ಲಿ ಪಾರಸ್ ಎನ್ನುತ್ತಾರೆ. ವಚನಕಾರರಿಂದ ಸೂಫಿಗಳವರೆಗೆ ಎಲ್ಲರೂ ಈ ರೂಪಕವನ್ನು ಬಳಸಿದವರೇ. ಇಂಗ್ಲಿಷಿನ ಕೆಮಿಸ್ಟ್ರಿ ಎಂಬ ಶಬ್ದವೂ ಅರಬಿಯ ಅಲ್ ಕೀಮಿಯಾದ ಸಂತಾನವೇ. ಜಾಬಿರ್ ಇಬ್ನ್ ಹಯ್ಯಾನರ ಹೆಸರಿನಲ್ಲಿರುವ ಗ್ರಂಥಗಳ ಪ್ರಕಾರ ಎಲ್ಲ ಲೋಹಗಳೂ ಗಂಧಕ ಮತ್ತು ಪಾದರಸ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಆದವು. ಹಾಗಿದ್ದ ಮೇಲೆ ಪ್ರಮಾಣ ಬದಲಿಸಿದರೆ ಲೋಹ ಬದಲಾಗಬೇಕಲ್ಲ? ಕೇಳಲು ಸರಿಯಾಗಿದೆ. ಈ ಆಸೆಯ ಹಿಂದೆ ಎಷ್ಟು ಜನರ ಮನೆಮಠ ಹೋಯಿತೋ ಲೆಕ್ಕವಿಲ್ಲ. ಆದರೆ ಭಟ್ಟಿ ಇಳಿಸುವ ಪಾತ್ರೆ, ಆಮ್ಲಗಳು, ಲವಣಗಳು, ತೂಕ ಹಾಕುವ ಶಿಸ್ತು, ಇವೆಲ್ಲ ಅದೇ ಹುಚ್ಚಿನಿಂದ ಬೆಳೆದವು.

ಇಬ್ನ್ ಸೀನಾ ಈ ಹುಚ್ಚಿಗೆ ಒಪ್ಪಲಿಲ್ಲ. ಕೀಮಿಯಾಗರರು ಮಾಡುವುದು ಬಣ್ಣ ಬಳಿಯುವ ಕೆಲಸ, ಬೆಳ್ಳಿಯಂತೆ ಚಿನ್ನದಂತೆ ಕಾಣುವ ನಕಲು. ಲೋಹದ ಒಳಗಿನ ಜಾತಿಯನ್ನು ಬದಲಿಸುವ ಶಕ್ತಿ ಅವರಿಗಿಲ್ಲ, ಏಕೆಂದರೆ ಆ ಜಾತಿಭೇದ ಎಲ್ಲಿದೆ ಎಂಬುದೇ ನಮಗೆ ತಿಳಿಯದು, ತಿಳಿಯದ್ದನ್ನು ಬದಲಿಸುವುದು ಹೇಗೆ? ಇದು ಅವರ ವಾದದ ತಿರುಳು. ಈ ಭಾಗ 1200ರ ಸುಮಾರಿಗೆ ಲ್ಯಾಟಿನ್‌ಗೆ ಹೋಗಿ, ಅರಿಸ್ಟಾಟಲನದೇ ಮಾತೆಂದು ತಪ್ಪಾಗಿ ತಿಳಿಯಲ್ಪಟ್ಟು, ಯುರೋಪಿನ ರಸವಾದಿಗಳ ನಿದ್ದೆ ಕೆಡಿಸಿತು. ಇತ್ತ ಅಲ್ ತುಗ್ರಾಯಿ ಎಂಬ ಕವಿ ಇಬ್ನ್ ಸೀನಾರಿಗೆ ಖಂಡನೆ ಬರೆದರು. ಹದಿನಾಲ್ಕನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಈ ವಾದವಿವಾದವನ್ನೆಲ್ಲ ಹೇಳಿ ಒಂದು ತುಂಟ ಮಾತು ಸೇರಿಸುತ್ತಾರೆ: ಚಿನ್ನ ಮಾಡಲಾಗದು ಎಂದ ಇಬ್ನ್ ಸೀನಾ ವಜೀರರು, ಹಣವಂತರು. ಮಾಡಬಹುದು ಎಂದ ಅಲ್ ಫಾರಾಬಿ ಊಟಕ್ಕೂ ಕಷ್ಟಪಟ್ಟ ಬಡವರು.

ಒಲೆಯ ಬೆಂಕಿಯ ಮಟ್ಟಿಗೆ ಇಬ್ನ್ ಸೀನಾ ಹೇಳಿದ್ದು ನೂರಕ್ಕೆ ನೂರು ಸರಿ. ಲೋಹದ ಜಾತಿ ಇರುವುದು ಪರಮಾಣುವಿನ ನಡುವಿನ ಬೀಜದಲ್ಲಿ. ಆ ಬೀಜದಲ್ಲಿ ಎಷ್ಟು ಪ್ರೋಟಾನ್‌ಗಳಿವೆ ಎಂಬುದರ ಮೇಲೆ ಅದು ಕಬ್ಬಿಣವೋ ಚಿನ್ನವೋ ಎಂಬುದು ನಿಂತಿದೆ. ಕಬ್ಬಿಣಕ್ಕೆ 26, ಚಿನ್ನಕ್ಕೆ 79. ಕುಲುಮೆಯ ಬೆಂಕಿ ಆ ಬೀಜವನ್ನು ಮುಟ್ಟಲಾರದು. ಅದಕ್ಕೆ ಕೋಟಿ ಕೋಟಿ ಡಿಗ್ರಿಗಳ ಬೆಂಕಿ ಬೇಕು. ಅಂಥ ಬೆಂಕಿ ಇರುವುದು ನಕ್ಷತ್ರದ ಗರ್ಭದಲ್ಲಿ.

ಇದು ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಆ ಕಥೆಯಲ್ಲಿ ನಮ್ಮ ಉಪಖಂಡದ ಕೈಯೂ ಇದೆ. ಢಾಕಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಚಿಕ್ಕ ಅಂಗಡಿಯವರ ಮಗನಾಗಿ ಹುಟ್ಟಿದ ಮೇಘನಾದ ಸಾಹಾ 1920ರಲ್ಲಿ ಒಂದು ಸಮೀಕರಣ ಕೊಟ್ಟರು. ನಕ್ಷತ್ರದ ಬೆಳಕನ್ನು ಪಟ್ಟಕದಿಂದ ಬಿಡಿಸಿದಾಗ ಕಾಣುವ ಗೆರೆಗಳಿಂದ ಅಲ್ಲಿ ಯಾವ ಧಾತು ಎಷ್ಟಿದೆ, ತಾಪ ಎಷ್ಟಿದೆ ಎಂದು ಓದಲು ಅದು ಕೀಲಿಕೈ. ಆ ಕೀಲಿಕೈ ಹಿಡಿದು ಹಾರ್ವರ್ಡ್‌ನಲ್ಲಿ ಸಿಸಿಲಿಯಾ ಪೇನ್ ಎಂಬ ಇಪ್ಪತ್ತೈದರ ತರುಣಿ 1925ರಲ್ಲಿ ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಹೈಡ್ರೋಜನ್ ಎಂದು ಲೆಕ್ಕ ಹಾಕಿದರು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್, ಇದು ಸಾಧ್ಯವೇ ಇಲ್ಲ ಎಂದರು. ಆಕೆ ತನ್ನ ಪ್ರಬಂಧದಲ್ಲೇ ಆ ಫಲಿತಾಂಶ ಬಹುಶಃ ನಿಜವಲ್ಲ ಎಂದು ಸೇರಿಸಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ತಾವೇ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ಹೆಣ್ಣುಮಕ್ಕಳ ಮಾತಿಗೆ ಸಾಕ್ಷಿ ಕೇಳುವ ಚಾಳಿ ನಮ್ಮ ಮೊಹಲ್ಲಾಗಳಿಗಷ್ಟೇ ಸೀಮಿತವಲ್ಲ.

ಹೈಡ್ರೋಜನ್ ಅಂದರೆ ಒಂದು ಪ್ರೋಟಾನಿನ ಧಾತು, ಎಲ್ಲಕ್ಕಿಂತ ಹಗುರ. ನಾಲ್ಕು ಹೈಡ್ರೋಜನ್ ಬೀಜಗಳು ಸೇರಿ ಒಂದು ಹೀಲಿಯಂ ಆಗುವಾಗ ಶೇಕಡಾ 0.7ರಷ್ಟು ತೂಕ ಕಳೆದುಹೋಗಿ ಬೆಳಕಾಗುತ್ತದೆ. ಸೂರ್ಯ ಉರಿಯುವುದು ಹೀಗೆ. ಎಡಿಂಗ್ಟನ್ 1920ರಲ್ಲೇ ಇದನ್ನು ಊಹಿಸಿದ್ದರು, ಹಾನ್ಸ್ ಬೆಥೆ 1939ರಲ್ಲಿ ವಿವರವಾಗಿ ತೋರಿಸಿದರು. ಆದರೆ ಹೀಲಿಯಂನಿಂದ ಮುಂದೆ? ನಮ್ಮ ಮೈಯ ಇಂಗಾಲ, ಉಸಿರಿನ ಆಮ್ಲಜನಕ, ಮೂಳೆಯ ಸುಣ್ಣ, ರಕ್ತದ ಕಬ್ಬಿಣ, ಮದುವೆಯ ಚಿನ್ನ? 1948ರಲ್ಲಿ ಗ್ಯಾಮೋವ್ ಮತ್ತು ಅವರ ಶಿಷ್ಯ ಆಲ್ಫರ್, ಎಲ್ಲವೂ ಬ್ರಹ್ಮಾಂಡದ ಆರಂಭದ ಮಹಾಸ್ಫೋಟದಲ್ಲೇ ಬೆಂದವು ಎಂದರು. ಆದರೆ 5 ಮತ್ತು 8ರ ತೂಕದ ಬೀಜಗಳು ಒಂದು ಕ್ಷಣವೂ ನಿಲ್ಲುವುದಿಲ್ಲ. ಏಣಿಯಲ್ಲಿ ಎರಡು ಮೆಟ್ಟಿಲು ಇಲ್ಲದಂತೆ. ಆರಂಭದ ಆ ಕೆಲವು ನಿಮಿಷಗಳಲ್ಲಿ ಹೀಲಿಯಂ ಆಯಿತು, ಚೂರು ಲಿಥಿಯಂ ಆಯಿತು, ಅಷ್ಟಕ್ಕೇ ನಿಂತಿತು.

ಮುರಿದ ಏಣಿಯನ್ನು ದಾಟಿದವರು ಯಾರ್ಕ್‌ಶೈರ್‌ನ ಒರಟು ಮಾತಿನ ಫ್ರೆಡ್ ಹೋಯ್ಲ್. 1944ರಲ್ಲಿ ರಡಾರ್ ಕೆಲಸಕ್ಕೆ ಅಮೆರಿಕಕ್ಕೆ ಹೋದವರು ಬಿಡುವಿನಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಹೋಗಿ ವಾಲ್ಟರ್ ಬಾಡೆಯೊಂದಿಗೆ ಸಿಡಿಯುವ ನಕ್ಷತ್ರಗಳ ಬಗ್ಗೆ ಮಾತಾಡಿದರು. ಹಿಂತಿರುಗುವ ದಾರಿಯಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪರಿಚಯದ ಅಣುವಿಜ್ಞಾನಿಗಳು ಸಿಕ್ಕರು. ಅವರು ಬಾಯಿಬಿಡದಿದ್ದರೂ, ಪ್ಲುಟೋನಿಯಂ ಬಾಂಬನ್ನು ಸಿಡಿಸಬೇಕಾದರೆ ಅದನ್ನು ಮೊದಲು ಎಲ್ಲ ಕಡೆಯಿಂದ ಒಳಕ್ಕೆ ಒತ್ತಬೇಕು ಎಂಬುದನ್ನು ಹೋಯ್ಲ್ ತಾವೇ ಊಹಿಸಿಕೊಂಡರು. ನಕ್ಷತ್ರವೂ ಹಾಗೆಯೇ ಮೊದಲು ಕುಸಿದು ಆಮೇಲೆ ಸಿಡಿಯುತ್ತಿರಬಹುದಲ್ಲ? ಕುಸಿಯುವ ಆ ಗರ್ಭದಲ್ಲಿ ನೂರಾರು ಕೋಟಿ ಡಿಗ್ರಿ ತಾಪ ಇರುತ್ತದಲ್ಲ? ನಾಗಸಾಕಿಯನ್ನು ಸುಟ್ಟ ತಂತ್ರ ಮತ್ತು ನಮ್ಮ ರಕ್ತಕ್ಕೆ ಕಬ್ಬಿಣ ಕೊಟ್ಟ ಪ್ರಕ್ರಿಯೆ ಒಬ್ಬನೇ ಮನುಷ್ಯನ ತಲೆಯಲ್ಲಿ ಹೀಗೆ ಅಕ್ಕಪಕ್ಕ ಕೂತವು. ಹೋಯ್ಲ್ ಅವರ ಮೊದಲ ಲೇಖನ 1946ರಲ್ಲಿ ಬಂತು.

1953ರಲ್ಲಿ ಅವರು ಇನ್ನೂ ಧೈರ್ಯದ ಮಾತು ಹೇಳಿದರು. ಮೂರು ಹೀಲಿಯಂ ಬೀಜಗಳು ಸೇರಿ ಇಂಗಾಲ ಆಗಬೇಕಾದರೆ ಇಂಗಾಲದ ಬೀಜಕ್ಕೆ ಒಂದು ನಿರ್ದಿಷ್ಟ ಶಕ್ತಿಯ ಸ್ಥಿತಿ ಇರಲೇಬೇಕು, ಇಲ್ಲದಿದ್ದರೆ ಈ ಮಾತಾಡುತ್ತಿರುವ ನಾನೇ ಇರುತ್ತಿರಲಿಲ್ಲ ಎಂಬುದು ಅವರ ತರ್ಕ. ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ ವಿಲಿಯಂ ಫೌಲರ್ ನಂಬಲಿಲ್ಲ. ಆದರೂ ಅಲ್ಲಿನ ವಾರ್ಡ್ ವೇಲಿಂಗ್ ಮತ್ತು ಸಂಗಡಿಗರು ಹುಡುಕಿದರು. ಹೋಯ್ಲ್ ಹೇಳಿದ ಜಾಗದ ಹತ್ತಿರದಲ್ಲೇ ಅದು ಇತ್ತು. ಅದಕ್ಕೂ ಮುನ್ನ, 1952ರಲ್ಲಿ, ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಶಿಯಂ ಎಂಬ ಧಾತುವಿನ ಗೆರೆಗಳನ್ನು ಕಂಡಿದ್ದರು. ಟೆಕ್ನೀಶಿಯಂ ವಿಕಿರಣಶೀಲ, ಕೆಲವು ದಶಲಕ್ಷ ವರ್ಷಗಳಲ್ಲಿ ಅರ್ಧ ಕರಗಿ ಹೋಗುತ್ತದೆ. ಆ ನಕ್ಷತ್ರಗಳ ವಯಸ್ಸೋ ಅದಕ್ಕಿಂತ ಎಷ್ಟೋ ಹೆಚ್ಚು. ಅಂದಮೇಲೆ ಅದು ಅಲ್ಲೇ ಹೊಸದಾಗಿ ತಯಾರಾಗುತ್ತಿರಬೇಕು. ಕೀಮಿಯಾಗರ ಒಲೆಯ ಮುಂದೆಯೇ ಸಿಕ್ಕಿಬಿದ್ದಂತಾಯಿತು.

1957ರಲ್ಲಿ ಮಾರ್ಗರೆಟ್ ಬರ್ಬಿಜ್, ಅವರ ಪತಿ ಜೆಫ್ರಿ ಬರ್ಬಿಜ್, ಫೌಲರ್, ಹೋಯ್ಲ್ ನಾಲ್ವರೂ ಸೇರಿ ನೂರಕ್ಕೂ ಹೆಚ್ಚು ಪುಟಗಳ ಲೇಖನ ಪ್ರಕಟಿಸಿದರು. ಅದೇ ವರ್ಷ ಕೆನಡಾದಲ್ಲಿ ಅಲಸ್ಟೇರ್ ಕ್ಯಾಮರಾನ್ ಒಬ್ಬರೇ ಕೂತು ಬಹುಮಟ್ಟಿಗೆ ಅದೇ ತೀರ್ಮಾನಕ್ಕೆ ಬಂದಿದ್ದರು. ಯಾವ ಧಾತು ಯಾವ ನಕ್ಷತ್ರದ ಯಾವ ಘಟ್ಟದಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಇಂದಿಗೂ ಆ ಲೇಖನವೇ ತಳಪಾಯ. ಮಾರ್ಗರೆಟ್ ಅವರಿಗೆ ಮೌಂಟ್ ವಿಲ್ಸನ್ ದೂರದರ್ಶಕದಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ ಎಂದಿದ್ದರು. ಗಂಡನಿಗೆ ಅಲ್ಲಿ ಅವಕಾಶ ಸಿಕ್ಕಾಗ ಆಕೆ 'ಸಹಾಯಕಿ' ಎಂಬ ನೆಪದಲ್ಲಿ ಹೋಗಿ ನೋಡಿದರು. ನಿಜವಾಗಿ ದೂರದರ್ಶಕದಲ್ಲಿ ಕಣ್ಣಿಟ್ಟವರು ಆಕೆಯೇ, ಸಿದ್ಧಾಂತಿಯಾದ ಗಂಡನಲ್ಲ. ನೂರು ವರ್ಷ ತುಂಬಿಸಿ 2020ರಲ್ಲಿ ತೀರಿಕೊಂಡರು. 1983ರ ನೊಬೆಲ್ ಫೌಲರ್‌ಗೆ ಬಂತು. ಜೊತೆಗೆ ಪಡೆದವರು ಲಾಹೋರಿನಲ್ಲಿ ಹುಟ್ಟಿದ ನಮ್ಮ ಎಸ್. ಚಂದ್ರಶೇಖರ್. ಹೋಯ್ಲ್ ಅವರನ್ನು ಬಿಟ್ಟರು. ಏಕೆ ಬಿಟ್ಟರು ಎಂಬ ಬಗ್ಗೆ ಬಹಳ ಗಾಸಿಪ್ ಇದೆ, ಇಲ್ಲಿ ಬೇಡ.

ಈಗ ಒಲೆಯ ಒಳಗೆ ಇಣುಕೋಣ. ಸೂರ್ಯನ ಇಪ್ಪತ್ತೈದು ಪಟ್ಟು ತೂಕದ ನಕ್ಷತ್ರವೊಂದನ್ನು ತೆಗೆದುಕೊಳ್ಳಿ. ಅದು ಹೈಡ್ರೋಜನ್ ಉರಿಸುತ್ತ ಸುಮಾರು ಎಪ್ಪತ್ತು ಲಕ್ಷ ವರ್ಷ ಕಳೆಯುತ್ತದೆ. ಅದರ ಬೂದಿ ಹೀಲಿಯಂ. ಗರ್ಭ ಕುಗ್ಗಿ ಕಾವು ಏರಿದಾಗ ಆ ಬೂದಿಯೇ ಸೌದೆಯಾಗಿ ಇಂಗಾಲ, ಆಮ್ಲಜನಕ ಆಗುತ್ತದೆ. ಮತ್ತೆ ಕುಗ್ಗುತ್ತದೆ, ಇಂಗಾಲ ಉರಿದು ನಿಯಾನ್, ಮೆಗ್ನೀಸಿಯಂ. ಹೀಗೆ ಪ್ರತಿ ಬೂದಿಯೂ ಮುಂದಿನ ಒಲೆಗೆ ಸೌದೆ. ಆದರೆ ಪ್ರತಿ ಸಲವೂ ಉರಿಯುವ ಕಾಲ ಕಡಿಮೆ. ಕಡೆಯ ಸೌದೆ ಸಿಲಿಕಾನ್, ಅದು ಮುಗಿಯುವುದು ಸುಮಾರು ಒಂದೇ ದಿನದಲ್ಲಿ! ಆಗ ಉಳಿಯುವುದು ಕಬ್ಬಿಣದ ಗುಂಪಿನ ಧಾತುಗಳು. ಆ ಗುಂಪಿನ ಬೀಜಗಳಷ್ಟು ಬಿಗಿಯಾಗಿ ಕಟ್ಟಿಕೊಂಡ ಬೀಜ ಬೇರೊಂದಿಲ್ಲ. ಅವುಗಳನ್ನು ಕೂಡಿಸಿದರೂ ಒಡೆದರೂ ಶಕ್ತಿ ಬರುವುದಿಲ್ಲ, ಬದಲಿಗೆ ನಾವೇ ಕೊಡಬೇಕು. ಇನ್ನು ಉರಿಯದ ಬೂದಿ. ಒಲೆ ಆರಿದ ಕೂಡಲೇ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಭೂಮಿಯಷ್ಟು ಅಗಲದ ಕಬ್ಬಿಣದ ಗರ್ಭ ಒಂದು ಸೆಕೆಂಡಿನೊಳಗೆ ಒಂದು ಊರಿನಷ್ಟು ಅಗಲಕ್ಕೆ ಮುದುಡಿ, ಗಟ್ಟಿಯಾಗಿ ತಡೆದು ನಿಲ್ಲುತ್ತದೆ. ಹೊರಗಿನ ಪದರಗಳು ಸಿಡಿದು ಹಾರುತ್ತವೆ. ಶಕ್ತಿಯ 99 ಪಾಲು ನ್ಯೂಟ್ರಿನೋ ಎಂಬ, ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ಕಣಗಳಾಗಿ ಹೊರಬೀಳುತ್ತದೆ. ಇಬ್ನ್ ಬುತ್ಲಾನ್ ದಾಖಲಿಸಿದ್ದು ಈ ಜಾತಿಯ ಸಾವು.

ಇದು ಬರೀ ಊಹೆಯಾಗಿ ಉಳಿದಿಲ್ಲ. 1987ರ ಫೆಬ್ರವರಿ 23ರಂದು ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಲ್ಲಿ, ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ, ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಬೆಳಕು ಕಾಣುವ ಕೆಲವು ಗಂಟೆಗಳ ಮುಂಚೆಯೇ ಜಪಾನಿನ ಕಾಮಿಯೋಕಾಂಡೆ ಗಣಿಯ ನೀರಿನ ತೊಟ್ಟಿಯಲ್ಲಿ 11 ನ್ಯೂಟ್ರಿನೋಗಳು ಸಿಕ್ಕಿಬಿದ್ದಿದ್ದವು. ನ್ಯೂಟ್ರಿನೋ ಹಿಡಿಯಲು ಗಣಿಯ ಆಳಕ್ಕೇ ಇಳಿಯಬೇಕು, ಏಕೆಂದರೆ ಮೇಲೆ ಬೇರೆ ಕಣಗಳ ಗದ್ದಲ. ಈ ವಿದ್ಯೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಒಂದು ಹಿರಿತನವಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ಕೆಜಿಎಫ್‌ನ ನೆಲದಡಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ನಡೆಯಿತು. ಟಾಟಾ ಸಂಸ್ಥೆಯವರೊಂದಿಗೆ ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳೂ ಇದ್ದರು. ಮುಂದಾಳುಗಳಲ್ಲಿ ಒಬ್ಬರು ನಂಜನಗೂಡಿನ ಬಿ.ವಿ. ಶ್ರೀಕಂಠನ್.

ಇಬ್ನ್ ರಿಜ್ವಾನ್ ಮತ್ತು ಇಬ್ನ್ ಸೀನಾ ಕಂಡದ್ದು ಇನ್ನೊಂದು ಜಾತಿ. ಸೂರ್ಯನಂಥ ನಕ್ಷತ್ರ ಸತ್ತು ಉಳಿಯುವ ಕೆಂಡ ಶ್ವೇತಕುಬ್ಜ. ಇಂಗಾಲ ಮತ್ತು ಆಮ್ಲಜನಕದ, ಭೂಮಿಯಷ್ಟೇ ಗಾತ್ರದ ಗುಂಡು. ಚಂದ್ರಶೇಖರ್ 1930ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು, ಇಂಥ ಗುಂಡಿನ ತೂಕಕ್ಕೆ ಮಿತಿಯಿದೆ ಎಂಬ ಲೆಕ್ಕ ಶುರು ಮಾಡಿದರು. ಸೂರ್ಯನ 1.4ರಷ್ಟು, ಅದಕ್ಕಿಂತ ಹೆಚ್ಚಾದರೆ ತಡೆಯದು. ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಂಡೋ, ಇನ್ನೊಂದು ಶ್ವೇತಕುಬ್ಜಕ್ಕೆ ಡಿಕ್ಕಿ ಹೊಡೆದೋ ಅದಕ್ಕೆ ಬೆಂಕಿ ಹತ್ತಿದರೆ ಸೆಕೆಂಡುಗಳಲ್ಲಿ ಇಡೀ ಗುಂಡು ಸ್ಫೋಟಿಸಿ ಏನೂ ಉಳಿಯುವುದಿಲ್ಲ. 1006ರ ನಕ್ಷತ್ರದ ಜಾಗದಲ್ಲಿ ಉಳಿದುಕೊಂಡ ಸಂಗಾತಿ ನಕ್ಷತ್ರಕ್ಕಾಗಿ ಹುಡುಕಿದವರಿಗೆ 2012ರಲ್ಲೂ ಯಾರೂ ಸಿಗಲಿಲ್ಲ. ಹಾಗಾಗಿ ಅದು ಎರಡು ಶ್ವೇತಕುಬ್ಜಗಳ ಡಿಕ್ಕಿಯಾಗಿರಬಹುದು ಎಂಬ ಗುಮಾನಿ ಬಲವಾಗಿದೆ.

ಇಂಥ ಸ್ಫೋಟ ಮುಗಿಯುವುದು ಸೆಕೆಂಡುಗಳಲ್ಲಿ. ಹಾಗಾದರೆ ತಿಂಗಳುಗಟ್ಟಲೆ ಬೆಳಕು ಎಲ್ಲಿಂದ? ಸಿಡಿದು ಹರಡಿದ ಅನಿಲ ಬೇಗ ತಣ್ಣಗಾಗಬೇಕಲ್ಲ? ಈ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ ಬಾಂಬಿನದೇ. 1952ರ ನವೆಂಬರ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಮೊದಲ ಹೈಡ್ರೋಜನ್ ಸಾಧನವನ್ನು ಸಿಡಿಸಿತು. ಅದರ ಧೂಳಿನಲ್ಲಿ ಅದುವರೆಗೆ ಯಾರೂ ಕಾಣದ ಎರಡು ಧಾತುಗಳು ಸಿಕ್ಕವು. ಮುಂದೆ ಐನ್‌ಸ್ಟೀನಿಯಂ, ಫರ್ಮಿಯಂ ಎಂದು ಹೆಸರಾದವು. ಯುರೇನಿಯಂ ಬೀಜಗಳು ಕಣ್ಣು ಮಿಟುಕಿಸುವ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ ಕಾಲದಲ್ಲಿ ಹದಿನೈದು ಹದಿನೇಳು ನ್ಯೂಟ್ರಾನ್‌ಗಳನ್ನು ನುಂಗಿ ಹೀಗಾಗಿದ್ದವು. ಅದೇ ಧೂಳಿನಲ್ಲಿದ್ದ ಕ್ಯಾಲಿಫೋರ್ನಿಯಂ-254 ಸುಮಾರು ಎರಡು ತಿಂಗಳಿಗೆ ಅರ್ಧವಾಗುತ್ತಿತ್ತು. ಸಿಡಿದ ನಕ್ಷತ್ರಗಳೂ ಹೆಚ್ಚು ಕಡಿಮೆ ಅದೇ ವೇಗದಲ್ಲಿ ಮಸುಕಾಗುತ್ತಿದ್ದವು. 1956ರಲ್ಲಿ ಬರ್ಬಿಜ್, ಹೋಯ್ಲ್, ಫೌಲರ್ ಮುಂತಾದವರು ಇದೇ ಗುಟ್ಟು ಎಂದು ಸಾರಿದರು. ಸೊಗಸಾದ ಉತ್ತರ, ಆದರೆ ತಪ್ಪು.

ಸರಿಯಾದ ಉತ್ತರವನ್ನು 1962ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಟೈಟಸ್ ಪ್ಯಾಂಕಿ ಎಂಬ ಸಂಶೋಧನಾ ವಿದ್ಯಾರ್ಥಿ ತಮ್ಮ ಪ್ರಬಂಧದಲ್ಲಿ ಬರೆದರು. ಯಾರೂ ಗಮನಿಸಲಿಲ್ಲ. 1969ರಲ್ಲಿ ಕೋಲ್ಗೇಟ್ ಮತ್ತು ಮ್ಯಾಕೀ ಅದನ್ನು ಗಟ್ಟಿಯಾಗಿ ನಿಲ್ಲಿಸಿದರು. ಉತ್ತರ ಇದು: ಸ್ಫೋಟದಲ್ಲಿ ನೇರವಾಗಿ ಕಬ್ಬಿಣ ಆಗುವುದಿಲ್ಲ. ಆಗುವುದು ವಿಕಿರಣಶೀಲ ನಿಕ್ಕಲ್-56. ಅದು ಆರು ದಿನಗಳಿಗೆ ಅರ್ಧದಂತೆ ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್ 77 ದಿನಗಳಿಗೆ ಅರ್ಧದಂತೆ ಕಬ್ಬಿಣ ಆಗುತ್ತದೆ. ಈ ರೂಪಾಂತರದಲ್ಲಿ ಹೊರಬೀಳುವ ಶಕ್ತಿಯೇ ಸಿಡಿದ ಅನಿಲವನ್ನು ಕಾಯಿಸಿ ಬೆಳಗಿಸುತ್ತದೆ. 1987ರ ನಕ್ಷತ್ರದಿಂದ ಕೋಬಾಲ್ಟಿನ ಗಾಮಾ ಕಿರಣಗಳನ್ನು ಉಪಗ್ರಹ ಹಿಡಿಯಿತು. 2014ರಲ್ಲಿ ಎಂ-82 ಗೆಲಾಕ್ಸಿಯಲ್ಲಿ ಶ್ವೇತಕುಬ್ಜವೊಂದು ಸಿಡಿದಾಗ ಅಲ್ಲಿಂದಲೂ ಅದೇ ಕಿರಣಗಳು ಬಂದವು.

ಇನ್ನೊಮ್ಮೆ ಇಬ್ನ್ ಸೀನಾರ ಕಡೆ ತಿರುಗಿ ನೋಡಿ. ಅವರು ಮೂರು ತಿಂಗಳು ಮಸುಕಾಗುತ್ತ ಹೋಯಿತು ಎಂದು ಬರೆದ ಆ ಬೆಳಕು ಏನು? ನಿಕ್ಕಲ್ ಕೋಬಾಲ್ಟ್ ಆಗುವ, ಕೋಬಾಲ್ಟ್ ಕಬ್ಬಿಣ ಆಗುವ ಬೆಳಕು. ಒಂದು ಲೋಹ ಇನ್ನೊಂದು ಲೋಹವಾಗುವುದನ್ನೇ ಅವರ ಕಣ್ಣು ನೋಡುತ್ತಿತ್ತು. ಆ ಮೂರು ತಿಂಗಳಲ್ಲಿ ನಿಕ್ಕಲ್ ಎಲ್ಲ ಮುಗಿದು ಕೋಬಾಲ್ಟಿನ ಅರ್ಧದಷ್ಟು ಕಬ್ಬಿಣವಾಗಿರಬೇಕು. ಎಷ್ಟು ಕಬ್ಬಿಣ? ಇಂಥ ಸ್ಫೋಟವೊಂದರಲ್ಲಿ ಸಾಧಾರಣವಾಗಿ ಸೂರ್ಯನ ತೂಕದ ಅರ್ಧಕ್ಕಿಂತ ಹೆಚ್ಚು, ಅಂದರೆ ಒಂದೂವರೆ ಎರಡು ಲಕ್ಷ ಭೂಮಿಗಳ ತೂಕ. ಸುಮಾರು ಏಳು ಸಾವಿರ ಜ್ಯೋತಿರ್ವರ್ಷ ದೂರದಿಂದ ಬಂದ ಬೆಳಕು ಅದು. ಅದನ್ನು ನೋಡಿದವರೇ ಅದೇ ಗ್ರಂಥದಲ್ಲಿ ಲೋಹದಿಂದ ಲೋಹ ಆಗದು ಎಂದು ಬರೆದರು. ಅವರನ್ನು ನಗೆಗೀಡು ಮಾಡಲು ಈ ಮಾತು ಹೇಳುತ್ತಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆದದ್ದರಿಂದಲೇ ಇಂದು ಅದು ನಮಗೆ ಓದಲು ಸಿಕ್ಕಿದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕುರ್‌ಆನಿನ ಸೂರ ಹದೀದ್‌ನಲ್ಲಿ ಕಬ್ಬಿಣವನ್ನು 'ಇಳಿಸಿದ' ಪ್ರಸ್ತಾಪವಿದೆ. ಕಬ್ಬಿಣ ನಕ್ಷತ್ರಗಳಿಂದ ಬಂದದ್ದು ಎಂಬ ವಿಜ್ಞಾನ ಅಲ್ಲೇ ಇದೆ ಎಂದು ವೇದಿಕೆಗಳಲ್ಲಿ, ಕಿರುಪುಸ್ತಕಗಳಲ್ಲಿ ಅಬ್ಬರದಿಂದ ಹೇಳುವವರಿದ್ದಾರೆ. ಆದರೆ ಅದೇ 'ಇಳಿಸುವ' ಕ್ರಿಯಾಪದವನ್ನು ಕುರ್‌ಆನ್ ಜಾನುವಾರುಗಳಿಗೂ ಉಡುಪಿಗೂ ಬಳಸಿದೆ. ಅನುಗ್ರಹ ಎಂಬ ಅರ್ಥದಲ್ಲಿ. ಹಸುಗಳು ಆಕಾಶದಿಂದ ಉದುರಿದವೆಂದು ಯಾರೂ ಹೇಳುವುದಿಲ್ಲವಲ್ಲ. ಪುಷ್ಪಕ ವಿಮಾನದಲ್ಲಿ ಜೆಟ್ ಎಂಜಿನ್ ಹುಡುಕುವವರನ್ನು ನೋಡಿ ನಗುವ ನಾವು ನಮ್ಮ ಮನೆಯ ಇದೇ ರೋಗವನ್ನು ಸುಮ್ಮನೆ ಸಹಿಸುತ್ತೇವೆ. ಇಬ್ನ್ ರಿಜ್ವಾನ್, ಇಬ್ನ್ ಸೀನಾ ಇಬ್ಬರೂ ಕುರ್‌ಆನ್ ಬಲ್ಲವರು. ಅವರು ಆ ನಕ್ಷತ್ರವನ್ನು ಅರಿಯಲು ಆಯತ್ ಹುಡುಕಲಿಲ್ಲ. ಒಬ್ಬರು ಗ್ರಹಗಳ ಅಂಶ ಎಣಿಸಿದರು, ಇನ್ನೊಬ್ಬರು ಬಣ್ಣ ಬದಲಾದದ್ದನ್ನು ಗುರುತು ಹಾಕಿಕೊಂಡರು.

ಇನ್ನು ಚಿನ್ನ. ಕಬ್ಬಿಣದಿಂದ ಮುಂದೆ ಹೋಗಲು ಬೆಂಕಿಯಿಂದ ಆಗದು, ನ್ಯೂಟ್ರಾನ್‌ಗಳು ಬೇಕು. ನ್ಯೂಟ್ರಾನಿಗೆ ವಿದ್ಯುತ್ತಿನ ಸೋಂಕಿಲ್ಲವಾದ್ದರಿಂದ ಬೀಜದೊಳಗೆ ಸಲೀಸಾಗಿ ನುಸುಳುತ್ತದೆ. ಒಳಗೆ ಹೋದ ಮೇಲೆ ಪ್ರೋಟಾನ್ ಆಗಿ ಬದಲಾದರೆ ಧಾತುವೇ ಬದಲಾಯಿತು. ಮುದಿ ಕೆಂಪು ನಕ್ಷತ್ರಗಳಲ್ಲಿ ಇದು ನಿಧಾನವಾಗಿ, ವರ್ಷಕ್ಕೋ ಶತಮಾನಕ್ಕೋ ಒಂದು ನ್ಯೂಟ್ರಾನಿನಂತೆ ನಡೆಯುತ್ತದೆ. ಮೆರಿಲ್ ಕಂಡ ಟೆಕ್ನೀಶಿಯಂ, ನಮ್ಮ ಸೀಸದ ಬಹುಪಾಲು ಹೀಗೆ ಬಂದವು. ಚಿನ್ನ, ಪ್ಲಾಟಿನಂ, ಯುರೇನಿಯಂಗಳಿಗೆ ಆ ನಿಧಾನ ಸಾಲದು. ಎನಿವೆಟಾಕ್‌ನ ಬಾಂಬಿನಂತೆ ಒಂದೇ ಉಸಿರಿಗೆ ಡಜನುಗಟ್ಟಲೆ ನ್ಯೂಟ್ರಾನ್ ನುಂಗಬೇಕು. ಇದು ಸಾಮಾನ್ಯ ಸೂಪರ್‌ನೋವಾಗಳಲ್ಲೇ ಆಗುತ್ತದೆ ಎಂದು ದಶಕಗಳ ಕಾಲ ಪಾಠ ಮಾಡಿದರು. ಲೆಕ್ಕ ಹಾಕಿದಷ್ಟೂ ಅಲ್ಲಿ ನ್ಯೂಟ್ರಾನ್ ಸಾಲದೆ ಬಂತು. 2017ರ ಆಗಸ್ಟ್ 17ರಂದು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಹಿಂದೆಂದೋ ಸಿಡಿದ ನಕ್ಷತ್ರಗಳ ಎರಡು ಹೆಣಗಳು, ಒಂದನ್ನೊಂದು ಅಪ್ಪಿ ಚೂರಾದವು. ಗುರುತ್ವದ ಅಲೆ ಮೊದಲು ಬಂತು, ಬೆಳಕು ಬೆನ್ನಿಗೇ ಬಂತು. ಆ ಬೆಳಕು ಕೆಂಪಗಾದ ಬಗೆಯಿಂದ ಅಲ್ಲಿ ಭಾರವಾದ ಧಾತುಗಳು ರಾಶಿ ರಾಶಿಯಾಗಿ ಹುಟ್ಟಿದ್ದು ತಿಳಿಯಿತು. ಚಿನ್ನವೇ ಹಲವು ಭೂಮಿಗಳ ತೂಕದಷ್ಟು ಎಂದು ಅಂದಾಜು. 2019ರಲ್ಲಿ ಅದೇ ಬೆಳಕಿನಲ್ಲಿ ಸ್ಟ್ರಾನ್ಷಿಯಂನ ಗುರುತೂ ಸಿಕ್ಕಿತು.

ಕೋಲಾರದ ಕಪ್ಪು ಶಿಲೆಗಳಿಗೆ ವಯಸ್ಸು ಸುಮಾರು 270 ಕೋಟಿ ವರ್ಷ. ಅದರೊಳಗಿನ ಚಿನ್ನ ಅದಕ್ಕಿಂತಲೂ ಹಳತು, ಸೂರ್ಯನಿಗಿಂತಲೂ ಹಳತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಕಾದ ಬಂಡೆಗಳ ನಡುವೆ ಕಲ್ಲುಧೂಳು ಕುಡಿದು ಅದನ್ನು ತೆಗೆದ ಕಾರ್ಮಿಕರ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ತೆಗೆಯುತ್ತಿದ್ದಾರೆ. ಹೆಣ್ಣು ಹೆತ್ತವರ ಮನೆಯಲ್ಲಿ ತೊಲ ಲೆಕ್ಕದಲ್ಲಿ ನಿದ್ದೆಗೆಡಿಸುವ ಈ ಹಳದಿ ಲೋಹದ ಹಿಂದೆ ಎರಡು ನಕ್ಷತ್ರಗಳ ಸಾವು, ಆಮೇಲೆ ಅವುಗಳ ಹೆಣಗಳ ಡಿಕ್ಕಿ ಇದ್ದೀತು ಎಂದರೆ ಸರಾಫರು ಕೂಲಿ ಕಡಿಮೆ ಮಾಡುವುದಿಲ್ಲ ಬಿಡಿ.

ಆದರೆ ಎಲ್ಲ ಚಿನ್ನವೂ ಇಂಥ ಡಿಕ್ಕಿಯದೇ ಎನ್ನುವಂತಿಲ್ಲ. 2004ರ ಡಿಸೆಂಬರ್ 27ರಂದು ಮ್ಯಾಗ್ನೆಟಾರ್ ಎಂಬ, ಭಯಂಕರ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರವೊಂದು ಭಾರಿ ಜ್ವಾಲೆ ಕಾರಿತು. ಅದರ ಗಾಮಾ ಕಿರಣಗಳನ್ನು ಉಪಗ್ರಹಗಳು ದಾಖಲಿಸಿಕೊಂಡವು. ಜ್ವಾಲೆಯ ನಂತರ ಕಂಡ ಸಣ್ಣದೊಂದು ಉಬ್ಬಿಗೆ ಕಾರಣ ಯಾರಿಗೂ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಆ ಅಂಕಿಗಳು ಕಡತದಲ್ಲಿ ಬಿದ್ದಿದ್ದವು. 2025ರಲ್ಲಿ ಅವುಗಳನ್ನು ಮತ್ತೆ ತೆರೆದು ನೋಡಿದವರು, ಆ ಉಬ್ಬು ಹೊಸದಾಗಿ ಹುಟ್ಟಿದ ಭಾರ ಧಾತುಗಳ ವಿಕಿರಣವೇ ಎಂದು ತೋರಿಸಿದರು. ಇಬ್ನ್ ರಿಜ್ವಾನರ ಲೆಕ್ಕ ಇದಕ್ಕಿಂತ ಹೆಚ್ಚು ಕಾಯಬೇಕಾಗಿತ್ತು. ಅವರು ಬರೆದಿಟ್ಟ ಗ್ರಹಗಳ ಅಂಶಗಳನ್ನು ಅರಬಿ ಬಲ್ಲ ಇತಿಹಾಸಕಾರ ಬರ್ನಾರ್ಡ್ ಗೋಲ್ಡ್‌ಸ್ಟೀನ್ ಖಗೋಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು 1965ರಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದವರು ಆ ನಕ್ಷತ್ರದ ಅವಶೇಷವನ್ನು ಆಕಾಶದಲ್ಲಿ ಗುರುತಿಸಿದರು. ದೊಡ್ಡದೊಂದು ಗುಳ್ಳೆಯಂತೆ, ಚಂದ್ರನಷ್ಟು ಅಗಲವಾಗಿ ಅದು ಇಂದಿಗೂ ಹಿಗ್ಗುತ್ತಿದೆ.